ಅಂಗಿ ಚಿನ್ನದ ಬಣ್ಣವೋ, ಹಸಿರೋ: ಸೀರಿಯಲ್ ಉಡುಪುಗಳ ಡಿಜಿಟಲ್ ಗೊಂಬೆ ಮಾಡುವವರಿಗೆ

ಪ್ರಶ್ನೆ: ಮೇಡಂ, ನನಗೆ ಹಳೆಯ ಸೈನ್ಸ್ ಫಿಕ್ಷನ್ ಸೀರಿಯಲ್‌ಗಳ ಹುಚ್ಚು. ಕತೆಗಿಂತ ಅವುಗಳ ಉಡುಪುಗಳ ಮೇಲೇ ಜಾಸ್ತಿ ಆಸೆ. 2010ರ ಹೊತ್ತಿಗೆ ‘ಸ್ಟಾರ್ ಟ್ರೆಕ್’ ಪಾತ್ರಗಳಿಗೆ ಬಟ್ಟೆ ತೊಡಿಸಿ ನೋಡುವ ಡ್ರೆಸ್-ಅಪ್ ಗೊಂಬೆಯೊಂದನ್ನು ಫ್ಲ್ಯಾಶ್ ಎಂಬ ಆನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದೆ. ಈಗ ಅದು ಯಾವ ಬ್ರೌಸರ್‌ನಲ್ಲೂ ತೆರೆಯುವುದಿಲ್ಲ. ಮತ್ತೆ ಮಾಡಿ, ‘ಡಾಕ್ಟರ್ ಹೂ’ ಮತ್ತು ‘ಸ್ಪೇಸ್: 1999’ ಉಡುಪುಗಳನ್ನೂ ಸೇರಿಸಬೇಕು ಅಂತಿದ್ದೇನೆ. ಆದರೆ ಕ್ಯಾಪ್ಟನ್ ಅಂಗಿಗೆ ನಾನು ಹಾಕಿದ ಚಿನ್ನದ ಬಣ್ಣ ತಪ್ಪು, ಅದು ಹಸಿರು ಅಂತ ಒಬ್ಬರು ಹೇಳುತ್ತಾರೆ. ಇದನ್ನೆಲ್ಲ ಹಾಕಿದರೆ ಕಾಪಿರೈಟ್ ಕೇಸ್ ಬೀಳುತ್ತೆ ಅಂತ ಇನ್ನೊಬ್ಬರು. ದುಡ್ಡು ತಗೊಳ್ಳದಿದ್ದರೆ ಏನೂ ಆಗಲ್ಲ ಅಂತ ಮತ್ತೊಬ್ಬರು. ಇದರ ಜೊತೆಗೆ ಅಂಗಿಯ ಮೇಲೆ ಕೋಟು ಹಾಕಿದರೆ ಒಳಗಿನ ತೋಳು ಹೊರಗೆ ಇಣುಕುತ್ತದೆ, ಬಟ್ಟೆಯ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ. ಹಳೆಯದನ್ನೆಲ್ಲ ಫೋಟೋಗಳ ಮೇಲೆ ಟ್ರೇಸ್ ಮಾಡಿಯೇ ಬರೆದಿದ್ದೆ. ಮುಂದೆ ಹೇಗೆ ಹೋಗಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಚಿಂತೆಗಳಿವೆ. ತೆರೆಯದ ಫೈಲ್, ಅಂಗಿಯ ಬಣ್ಣ, ಮೈಮೇಲೆ ಸರಿಯಾಗಿ ಕೂರದ ಬಟ್ಟೆ, ಕಾಪಿರೈಟ್. ನಾನು ಮೊದಲು ಅಭಿಮಾನಿಯಾಗಿ, ಆಮೇಲೆ ಗೇಮ್‌ಗಳಿಗೆ ಕೆಲಸವಾಗಿ, ಇಂಥ ಗೊಂಬೆಗಳಿಗೆ ಉಡುಪು ಬರೆಯುತ್ತಲೇ ಬಂದವಳು. ನನ್ನ ಕಣ್ಣಿಗೆ ಕೊನೆಯ ಮೂರು ಚಿಂತೆಗಳ ಬೇರು ಒಂದೇ. ಅದು ನಿಮ್ಮ ಪತ್ರದ ಕೊನೆಯ ಸಾಲುಗಳಲ್ಲೇ ಇದೆ: ಫೋಟೋ ಮೇಲೆ ಟ್ರೇಸ್ ಮಾಡಿದ್ದೆ ಅಂದಿರಲ್ಲ, ಅದು. ನೀವು ಬಟ್ಟೆಯನ್ನು ಬರೆಯಲಿಲ್ಲ, ಬಟ್ಟೆಯ ಫೋಟೋವನ್ನು ಬರೆದಿರಿ.

ಫೈಲ್‌ನ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದ್ದು 2020ರ ಡಿಸೆಂಬರ್ 31ಕ್ಕೆ. 2021ರ ಜನವರಿ 12ರಿಂದ ಫ್ಲ್ಯಾಶ್ ಫೈಲ್‌ಗಳನ್ನು ತೆರೆದು ತೋರಿಸುವ ಪ್ಲೇಯರ್ ತಾನೇ ಅವನ್ನು ತಡೆಯತೊಡಗಿತು. ‘ಹಾಗಾದರೆ ನನ್ನ ಗೊಂಬೆ ಸತ್ತಿತು’ ಅಂತ ತುಂಬಾ ಜನ ಕೈಬಿಟ್ಟರು. ಸತ್ತಿಲ್ಲ. ರಫಲ್ ಎಂಬ ಉಚಿತ ಎಮ್ಯುಲೇಟರ್ ಇದೆ, ಅಂದರೆ ಹಳೆಯ ಪ್ಲೇಯರ್‌ನ ಕೆಲಸವನ್ನು ತಾನೇ ಮಾಡುವ ಸಾಫ್ಟ್‌ವೇರ್. ಅದರಲ್ಲಿ ನಿಮ್ಮ ಎಸ್‌ಡಬ್ಲ್ಯುಎಫ್ ಫೈಲ್, ಅಂದರೆ ಫ್ಲ್ಯಾಶ್‌ನಿಂದ ಹೊರಬಂದ ಸಿದ್ಧ ಗೊಂಬೆಯ ಫೈಲ್ ಹಾಕಿ ನೋಡಿ. ಫ್ಲ್ಯಾಶ್‌ನ ಪ್ರೋಗ್ರಾಂ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್ 1 ಅಥವಾ 2ರಲ್ಲಿ ಮಾಡಿದ ಗೊಂಬೆಗಳು ಅದರಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಓಡುತ್ತವೆ. 3ರಲ್ಲಿ ಮಾಡಿದ್ದರೆ ಅಲ್ಲಲ್ಲಿ ತೊಡಕಾಗಬಹುದು. ನೀವು ಕೆಲಸ ಮಾಡಿದ ಮೂಲ ಎಫ್‌ಎಲ್‌ಎ ಫೈಲ್ ಕಳೆದುಹೋಗಿದ್ದರೂ ಗಾಬರಿ ಬೇಡ. ಜೆಪಿಇಎಕ್ಸ್‌ಎಸ್ ಎಂಬ ಉಚಿತ ಡಿಕಂಪೈಲರ್ ಎಸ್‌ಡಬ್ಲ್ಯುಎಫ್ ಒಳಗಿನ ಆಕಾರಗಳನ್ನು ಒಂದೊಂದಾಗಿ ಹೊರಗೆ ತೆಗೆದು ಎಸ್‌ವಿಜಿ ಎಂಬ ಬಗೆಯ ಚಿತ್ರ ಫೈಲ್ ಆಗಿ ಉಳಿಸಿಕೊಡುತ್ತದೆ. ಫ್ಲ್ಯಾಶ್‌ನಲ್ಲೇ ಗೆರೆ ಎಳೆದಿದ್ದರೆ ಅವು ವೆಕ್ಟರ್, ಅಂದರೆ ಚುಕ್ಕೆಗಳ ಬದಲು ಗೆರೆಗಳ ಲೆಕ್ಕದಲ್ಲಿ ಉಳಿದ ಚಿತ್ರ ಆಗಿರುವುದರಿಂದ ಎಷ್ಟು ದೊಡ್ಡದು ಮಾಡಿದರೂ ಒಡೆಯುವುದಿಲ್ಲ.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ಕಂಪ್ಯೂಟರ್‌ನಲ್ಲಿ ಬಟ್ಟೆ ಬದಲಿಸುವ ಗೊಂಬೆಗಳಿಗೆ 1991ರಲ್ಲಿ ಜಪಾನ್‌ನಲ್ಲಿ ‘ಕಿಸ್’ ಎಂಬ ವ್ಯವಸ್ಥೆ ಬಂತು. ಕಿಸೆಕಾಯೆ ಅಂದರೆ ಜಪಾನಿ ಭಾಷೆಯಲ್ಲಿ ಬಟ್ಟೆ ಬದಲಿಸುವುದು. ಅದರಲ್ಲಿ ಪ್ರತಿ ಉಡುಪೂ ಒಂದು ಪುಟ್ಟ ಚಿತ್ರ. ಬಣ್ಣಗಳಿಗೆ ಬೇರೆ ಫೈಲ್. ಯಾವುದರ ಮೇಲೆ ಯಾವುದು ಕೂರಬೇಕು ಅನ್ನುವುದು ಮಾಮೂಲಿ ಟೆಕ್ಸ್ಟ್ ಫೈಲ್‌ನಲ್ಲಿ, ಯಾರು ಬೇಕಾದರೂ ತೆರೆದು ಓದುವಂತೆ. ಹಾಗಾಗಿಯೇ ಜಪಾನಿನ ಹಳೆಯ ಪಿಸಿ-98 ಕಂಪ್ಯೂಟರ್‌ಗಳಿಗಾಗಿ ಹುಟ್ಟಿದ ಆ ಗೊಂಬೆಗಳನ್ನು ತೋರಿಸಲು ಬೇರೆ ಬೇರೆ ಯಂತ್ರಗಳಿಗೆ ಹೊಸ ಹೊಸ ವ್ಯೂವರ್‌ಗಳು ಬರುತ್ತಲೇ ಹೋದವು. ನೀವೂ ಹಾಗೆಯೇ ಮಾಡಿ. ಪ್ರತಿ ಉಡುಪನ್ನೂ ಬೇರೆ ಬೇರೆ ಪಿಎನ್‌ಜಿ ಚಿತ್ರವಾಗಿ ಇಟ್ಟುಕೊಳ್ಳಿ. ಪದರಗಳ ಕ್ರಮವನ್ನು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡಿ. ನನ್ನ ಮೊದಲ ಗೊಂಬೆಯ ಮೂವತ್ತೆರಡು ಅಂಗಿಗಳು ಒಂದೇ ಹಾರ್ಡ್ ಡಿಸ್ಕ್ ಜೊತೆ ಹೋದವು. ಆ ನೋವು ಇನ್ನೂ ಇದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಬಣ್ಣ. ನಿಮ್ಮ ಗೆಳೆಯರು ಹೇಳಿದ್ದು ಸರಿ. ನೀವು ಹಾಕಿದ್ದೂ ಸರಿ.

1966ರಲ್ಲಿ ಶುರುವಾದ ಮೊದಲ ‘ಸ್ಟಾರ್ ಟ್ರೆಕ್’ ಉಡುಪುಗಳನ್ನು ಮಾಡಿದವರು ವಿಲಿಯಂ ವೇರ್ ಥೀಸ್. ಕ್ಯಾಪ್ಟನ್ ಅಂಗಿಯ ಬಟ್ಟೆ ನಿಜವಾಗಿ ಹಸಿರು. ಸ್ಟುಡಿಯೋ ದೀಪದ ಬೆಳಕು, ಆ ಕಾಲದ ಫಿಲ್ಮ್ ರೀಲು, ಎರಡೂ ಸೇರಿ ಅದು ತೆರೆಯ ಮೇಲೆ ಚಿನ್ನದ ಬಣ್ಣವಾಗಿ ಬಂತು. ನಂಬಿಕೆ ಬರದಿದ್ದರೆ ಕ್ಯಾಪ್ಟನ್ ಆಗಾಗ ತೊಡುವ ಆ ಇನ್ನೊಂದು ಅಂಗಿ ನೋಡಿ. ಎದೆಯ ಮೇಲೆ ಅಡ್ಡಕ್ಕೆ ಸುತ್ತಿಕೊಳ್ಳುತ್ತದಲ್ಲ, ಅದು. ಅದರ ಬಟ್ಟೆ ಬೇರೆ ಜಾತಿಯದು, ಹಾಗಾಗಿ ತೆರೆಯ ಮೇಲೂ ಹಸಿರಾಗಿಯೇ ಕಂಡಿತು. ನೋಡುವವರು ಇದು ಬೇರೆಯೇ ಬಣ್ಣದ ಅಂಗಿ ಅಂದುಕೊಂಡರು.

ಆದ್ದರಿಂದ ಮೊದಲು ತೀರ್ಮಾನ ಮಾಡಬೇಕಾದ್ದು ಇದು: ಗೊಂಬೆಗೆ ಹಾಕುವುದು ಹ್ಯಾಂಗರ್‌ನಲ್ಲಿ ತೂಗಿದ ಅಂಗಿಯೋ, ಟಿವಿಯಲ್ಲಿ ಕಂಡ ಅಂಗಿಯೋ? ಎರಡರಲ್ಲಿ ಯಾವುದೂ ತಪ್ಪಲ್ಲ. ಬೆರೆಸಿದರೆ ಮಾತ್ರ ತಪ್ಪು. ನಾನಾದರೆ ಎರಡನ್ನೂ ಇಡುತ್ತೇನೆ, ಒಂದು ಬಟನ್ ಒತ್ತಿದರೆ ಚಿನ್ನ ಹಸಿರಾಗುವಂತೆ. ಆಗ ಪಕ್ಕದ ಸುತ್ತು ಅಂಗಿಗೂ ಇದಕ್ಕೂ ಇರುವ ನಂಟು ಆಡುವವರಿಗೆ ತಾನಾಗಿಯೇ ಕಾಣುತ್ತದೆ.

ಸ್ಕ್ರೀನ್‌ಶಾಟ್ ಮೇಲೆ ಐಡ್ರಾಪರ್ ಇಟ್ಟು ಬಣ್ಣ ಎತ್ತಿಕೊಂಡರೆ ಖಚಿತವಾದ ಬಣ್ಣ ಸಿಗುತ್ತದೆ ಅನ್ನುವುದು ಇನ್ನೊಂದು ತಪ್ಪು ತಿಳಿವಳಿಕೆ. ಆ ಸೀರಿಯಲ್‌ನ ಹಳೆಯ ಪ್ರತಿಗಳಿಗೂ 2006ರಿಂದ ಬಂದ, ಚಿತ್ರವನ್ನು ಹೊಸದಾಗಿ ಶುದ್ಧಗೊಳಿಸಿದ ರೀಮಾಸ್ಟರ್ ಪ್ರತಿಗೂ ಬಣ್ಣ ಒಂದೇ ಅಲ್ಲ. ಒಂದೇ ದೃಶ್ಯದಲ್ಲಿ ಭುಜದ ಮೇಲೆ ಒಂದು ಬಣ್ಣ ಸಿಕ್ಕರೆ ಕಂಕುಳ ಕೆಳಗೆ ಬೇರೆ ಸಿಗುತ್ತದೆ. ನಾನು ಒಂದು ಉಡುಪಿಗೆ ಕಡಿಮೆ ಅಂದರೂ ಏಳೆಂಟು ದೃಶ್ಯ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಹಿಂದೆ ಇರುವ ಬೂದು ಗೋಡೆ ಎಲ್ಲಿ ನಿಜವಾಗಿ ಬೂದಾಗಿ ಕಾಣುತ್ತದೋ ಆ ದೃಶ್ಯದ ಬಣ್ಣವನ್ನು ನಂಬುತ್ತೇನೆ. ಗೋಡೆ ನೀಲಿಯಾಗಿ ಕಂಡರೆ ಅಂಗಿಯ ಬಣ್ಣವೂ ಆ ಕಡೆಗೇ ಎಳೆದಿರುತ್ತದೆ.

ಬಣ್ಣಕ್ಕಿಂತ ದೊಡ್ಡದು ಬಟ್ಟೆ. ಮೊದಲ ಎರಡು ಸೀಸನ್‌ಗಳ ಅಂಗಿ ವೆಲೂರ್. ಅದರ ಮೇಲೆ ಸಣ್ಣ ರೋಮದಂಥ ಎಳೆಗಳಿರುತ್ತವೆ. ಎದುರಿನಿಂದ ನೋಡಿದರೆ ಗಾಢ, ಮೈ ತಿರುವಿದ ಕಡೆ, ತೋಳಿನ ಅಂಚಿನಲ್ಲಿ, ತೆಳು ಹೊಳಪು. ಮಾಮೂಲಿ ಬಟ್ಟೆಗೆ ನಾವು ಅಂಚಿನಲ್ಲಿ ನೆರಳು ಹಾಕುತ್ತೇವೆ ಅಲ್ವಾ, ವೆಲೂರ್‌ಗೆ ಅದನ್ನೇ ತಿರುಗಿಸಬೇಕು. ಇದೊಂದು ಮಾಡಿದರೆ ಸಾಕು, ಚಪ್ಪಟೆ ಗೊಂಬೆಯ ಅಂಗಿಯನ್ನೂ ಮುಟ್ಟಿ ನೋಡೋಣ ಅನ್ನಿಸುತ್ತದೆ. ವೆಲೂರ್ ಒಗೆದಾಗಲೆಲ್ಲ ಕುಗ್ಗುತ್ತಿತ್ತು. ಮೂರನೇ ಸೀಸನ್‌ಗೆ ಬಟ್ಟೆಯನ್ನೇ ಬದಲಿಸಿ ನೈಲಾನ್ ಡಬಲ್ ನಿಟ್ ತಂದರು. ಅದಕ್ಕೆ ಆ ರೋಮದ ಹೊಳಪಿಲ್ಲ. ಎರಡಕ್ಕೂ ಒಂದೇ ಶೇಡಿಂಗ್ ಕೊಟ್ಟರೆ ಎರಡೂ ಸುಳ್ಳಾಗುತ್ತವೆ.

ಇನ್ನು ನಿಮ್ಮ ಕೋಟಿನ ತೋಳು. ಹೊಲಿಗೆ ಹೇಗೆ ನಡೆದಿದೆಯೋ ಪದರಗಳೂ ಹಾಗೆ ನಡೆಯಬೇಕು. ಒಂದು ಉದಾಹರಣೆ ಕೊಡುತ್ತೇನೆ. 1987ರಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಬಂದಾಗ ಸಮವಸ್ತ್ರ ಮೈಗೆ ಅಂಟಿದ, ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ಬಟ್ಟೆಯ ಜಂಪ್‌ಸೂಟ್. ಮೇಲಿಂದ ಕೆಳಗಿನವರೆಗೆ ಒಂದೇ ತುಂಡು. ಅದು ಎಷ್ಟು ಬಿಗಿ ಅಂದರೆ ನಟರಿಗೆ ಬೆನ್ನುನೋವು ಬಂತು. ಮೂರನೇ ಸೀಸನ್‌ನಲ್ಲಿ ರಾಬರ್ಟ್ ಬ್ಲ್ಯಾಕ್‌ಮನ್ ಅದನ್ನು ಗ್ಯಾಬರ್ಡಿನ್ ಎಂಬ ಒತ್ತು ನೇಯ್ಗೆಯ ಉಣ್ಣೆ ಬಟ್ಟೆಯಲ್ಲಿ ಎರಡು ತುಂಡಾಗಿ, ಕಾಲರ್ ಇರುವ ಮೇಲಂಗಿ ಮತ್ತು ಪ್ಯಾಂಟಾಗಿ ಹೊಲಿಸಿದರು. ಕ್ಯಾಪ್ಟನ್ ಎದ್ದು ನಿಂತಾಗಲೆಲ್ಲ ಮೇಲಂಗಿಯನ್ನು ಕೆಳಗೆ ಎಳೆದುಕೊಳ್ಳುತ್ತಾನಲ್ಲ, ಅಭಿಮಾನಿಗಳು ಅಷ್ಟು ಪ್ರೀತಿಸುವ ಆ ಚಲನೆ ಬಂದದ್ದು ಈ ಎರಡು ತುಂಡಿನ ಉಡುಪಿನಿಂದ. ನಿಮ್ಮ ಗೊಂಬೆಯಲ್ಲಿ 1987ರ ಉಡುಪು ಒಂದೇ ಪದರವಾಗಿ ಇಡಿಯಾಗಿ ಬರಬೇಕು. ಮೂರನೇ ಸೀಸನ್‌ನದು ಎರಡು ಪದರ, ಮೇಲಂಗಿಯ ಕೆಳಗಂಚು ಪ್ಯಾಂಟಿನ ಮೇಲೆ ಸ್ವಲ್ಪ ಇಳಿದಿರಬೇಕು. ಟ್ರೇಸ್ ಮಾಡುವಾಗ ಇದು ಗೊತ್ತಾಗುವುದೇ ಇಲ್ಲ. ಫೋಟೋದಲ್ಲಿ ಎರಡೂ ಕಪ್ಪು-ಕೆಂಪು ಬಟ್ಟೆಯಷ್ಟೇ.

ಹೋಗುತ್ತಾ ಒಂದು ಎಚ್ಚರಿಕೆ: ಮೊದಲ ಸೀರಿಯಲ್‌ನಲ್ಲಿ ಕ್ಯಾಪ್ಟನ್‌ಗೆ ಚಿನ್ನ, ಎಂಜಿನಿಯರ್‌ಗೆ ಕೆಂಪು. 1987ರದ್ದರಲ್ಲಿ ಇದು ಅದಲುಬದಲು. ಉಡುಪುಗಳನ್ನು ಬಣ್ಣದ ಪ್ರಕಾರ ಜೋಡಿಸಬೇಡಿ, ಸೀರಿಯಲ್ ಪ್ರಕಾರ ಜೋಡಿಸಿ.

ಇಣುಕುವ ತೋಳಿಗೆ ಮದ್ದು: ಪ್ರತಿ ಮೇಲುಡುಪನ್ನೂ ಮುಂಭಾಗ, ಹಿಂಭಾಗ ಅಂತ ಎರಡು ಚಿತ್ರ ಮಾಡಿ. ಹಿಂಭಾಗ ಗೊಂಬೆಯ ಮೈಗಿಂತ ಕೆಳಗಿನ ಪದರದಲ್ಲಿ ಇರಲಿ. ಕೋಟು ಅಂಗಿಗಿಂತ ಎರಡು ಮೂರು ಪಿಕ್ಸೆಲ್ ಅಗಲ ಇರಲಿ. ನಿಜವಾದ ಕೋಟು ಅಂಗಿಗಿಂತ ದೊಗಲೆ ತಾನೇ? ‘ಡಾಕ್ಟರ್ ಹೂ’ ಸೀರಿಯಲ್‌ನ ನಾಯಕ ಡಾಕ್ಟರ್‌ನ ಪಾತ್ರವನ್ನು ಒಬ್ಬರಾದ ಮೇಲೆ ಒಬ್ಬರು ಮಾಡುತ್ತಾರಲ್ಲ, ಅವರಲ್ಲಿ ನಾಲ್ಕನೇ ಡಾಕ್ಟರ್‌ನ ಉದ್ದ ಸ್ಕಾರ್ಫ್‌ಗೆ ಎರಡೂ ಸಾಲುವುದಿಲ್ಲ, ಮೂರು ಬೇಕು. ಕುತ್ತಿಗೆಯ ಹಿಂದೆ ಹಾಯುವ ಭಾಗ, ಎದೆಯ ಮೇಲೆ ಇಳಿಬಿದ್ದ ತುದಿಗಳು, ಭುಜದ ಮೇಲಿನ ಸುತ್ತು. ಆ ಸ್ಕಾರ್ಫ್‌ನ ಕತೆ ನನಗೆ ತುಂಬಾ ಇಷ್ಟ. 1974ರಲ್ಲಿ ಉಡುಪು ವಿನ್ಯಾಸಕ ಜೇಮ್ಸ್ ಅಚಿಸನ್ ಬೇರೆ ಬೇರೆ ಬಣ್ಣದ ಉಣ್ಣೆಯನ್ನು ಬೆಗೋನಿಯಾ ಪೋಪ್ ಎಂಬ ಹೆಣೆಯುವವರ ಕೈಗೆ ಕೊಟ್ಟರು. ಕೊಟ್ಟ ಉಣ್ಣೆಯನ್ನೆಲ್ಲ ಅವರು ಹೆಣೆದೇಬಿಟ್ಟರು. ಅಷ್ಟುದ್ದ ಆದದ್ದು ಹಾಗೆ. ಅದು ಕೈಯಲ್ಲಿ ಹೆಣೆದದ್ದು, ಹಾಗಾಗಿ ಪಟ್ಟಿಗಳ ಅಗಲ ಒಂದೇ ಸಮ ಇಲ್ಲ. ನೀವು ಒಂದು ಪಟ್ಟಿ ಬರೆದು ಕಾಪಿ-ಪೇಸ್ಟ್ ಮಾಡಿದರೆ ಅದು ಬೇರೆಯದೇ ಸ್ಕಾರ್ಫ್ ಆಗಿಬಿಡುತ್ತದೆ. 1980ರಲ್ಲಿ ಜೂನ್ ಹಡ್ಸನ್ ಆ ಉಡುಪನ್ನೆಲ್ಲ ಕಡುಕೆಂಪಿನ ಛಾಯೆಗೆ ಬದಲಿಸಿದರು. ಅದಕ್ಕೆ ಬೇರೆಯೇ ಸೆಟ್ ಮಾಡಿ.

‘ಸ್ಪೇಸ್: 1999’ ಉಡುಪಿನಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೆ. 1975ರಲ್ಲಿ ಬಂದ ಆ ಸೀರಿಯಲ್‌ನ ಸಮವಸ್ತ್ರ ರೂಡಿ ಗರ್ನ್‌ರೈಕ್ ಅವರದು. ಗಂಡಸರಿಗೂ ಹೆಂಗಸರಿಗೂ ಒಂದೇ ಬಗೆಯ ತೆಳು ಕಂದು ಬಟ್ಟೆ, ಎಡ ತೋಳು ಮಾತ್ರ ಬೇರೆ ಬಣ್ಣ. ಆ ಬಣ್ಣ ನೋಡಿ ಯಾರು ಯಾವ ವಿಭಾಗ ಅಂತ ತಿಳಿಯಬೇಕು. ಕಮಾಂಡರ್‌ಗೆ ಕಪ್ಪು, ವೈದ್ಯರಿಗೆ ಬಿಳಿ. ಕೆಲಸ ಉಳಿಯಲಿ ಅಂತ ಗೊಂಬೆಯನ್ನು ಕನ್ನಡಿಯಂತೆ ತಿರುಗಿಸಿದರೆ ಬಣ್ಣದ ತೋಳು ಬಲಕ್ಕೆ ಹೋಗಿಬಿಡುತ್ತದೆ. ಎಡಕ್ಕೆ ಮುಖ ಮಾಡಿದ ಗೊಂಬೆಗೂ ಬಲಕ್ಕೆ ಮುಖ ಮಾಡಿದ ಗೊಂಬೆಗೂ ತೋಳನ್ನು ಬೇರೆ ಬೇರೆಯಾಗಿಯೇ ಬರೆಯಬೇಕು. ಎದೆಯ ಎಡಗಡೆ ಇರುವ ‘ಸ್ಟಾರ್ ಟ್ರೆಕ್’ ಲಾಂಛನಕ್ಕೂ ಇದೇ ಮಾತು.

ಬಿಳಿ ಗೆರೆಗೆ ಕಾರಣ ಸರಳ. ನೀವು ಬಿಳಿ ಹಾಳೆಯ ಮೇಲೆ ಬರೆದು, ಆಮೇಲೆ ಬಿಳಿಯನ್ನು ಅಳಿಸಿದ್ದೀರಿ. ಅಂಚಿನ ಪಿಕ್ಸೆಲ್‌ಗಳು ಅರ್ಧ ಬಟ್ಟೆ, ಅರ್ಧ ಬಿಳಿ. ಅಳಿಸಿದರೂ ಆ ಬಿಳಿ ಅವುಗಳೊಳಗೆ ಉಳಿದಿರುತ್ತದೆ. ಮೊದಲಿಂದಲೂ ಪಾರದರ್ಶಕ ಪದರದ ಮೇಲೆ ಬರೆಯಿರಿ. ಬಟ್ಟೆಯ ಬಣ್ಣವನ್ನು ಔಟ್‌ಲೈನ್‌ನ ಅಡಿಗೂ ಒಂದು ಪಿಕ್ಸೆಲ್ ಹರಿಸಿ. ಪರೀಕ್ಷೆಗೆ ಹಿಂದೆ ಗಾಢ ಕೆನ್ನೀಲಿಯಂಥ ಬಣ್ಣ ಹಾಕಿ ನೋಡಿ, ತಪ್ಪಿದ್ದರೆ ಎದ್ದು ಕಾಣುತ್ತದೆ.

ಈಗ ನಿಮ್ಮ ನಿದ್ದೆ ಕೆಡಿಸಿದ ಕಾಪಿರೈಟ್. ನಾನು ವಕೀಲೆಯಲ್ಲ. ಆದರೆ ಈ ಕೆಲಸದಲ್ಲಿ ಯಾರಿಗೆ ನೋಟಿಸ್ ಬಂತು, ಯಾಕೆ ಬಂತು ಅಂತ ಹತ್ತಿರದಿಂದ ನೋಡಿದ್ದೇನೆ.

‘ದುಡ್ಡು ತಗೊಳ್ಳದಿದ್ದರೆ ಏನೂ ಆಗಲ್ಲ’ ಅನ್ನುವುದು ಪೂರ್ತಿ ನಿಜವಲ್ಲ. 2008ರಲ್ಲಿ ಅಭಿಮಾನಿಯೊಬ್ಬರು ‘ಡಾಕ್ಟರ್ ಹೂ’ ಸೀರಿಯಲ್‌ನ ಅಡಿಪೋಸ್ ಎಂಬ ಪುಟ್ಟ ಬಿಳಿ ಜೀವಿಯನ್ನು ಉಣ್ಣೆಯಲ್ಲಿ ಹೆಣೆಯುವ ಮಾದರಿಯನ್ನು ಉಚಿತವಾಗಿ ಹಂಚಿದ್ದರು. ಆ ಮಾದರಿ ನೋಡಿ ಹೆಣೆದ ಗೊಂಬೆಗಳನ್ನು ಬೇರೆ ಯಾರೋ ಈಬೇಯಲ್ಲಿ ಮಾರಲು ಇಟ್ಟರು. ಬಿಬಿಸಿ ಮಾದರಿಯನ್ನೇ ತೆಗೆಯುವಂತೆ ಹೇಳಿತು. ಹಂಚಿದವರು ಒಂದು ಕಾಸೂ ಮುಟ್ಟಿರಲಿಲ್ಲ. ದುಡ್ಡು ತೆಗೆದುಕೊಳ್ಳದಿದ್ದರೆ ಅಪಾಯ ಕಡಿಮೆ ಆಗುತ್ತದೆ, ಸೊನ್ನೆ ಆಗುವುದಿಲ್ಲ. ‘ಇದು ಅಭಿಮಾನಿಯ ಕೆಲಸ, ಹಕ್ಕು ಅವರದು’ ಅಂತ ಕೆಳಗೆ ಬರೆದರೆ ರಕ್ಷಣೆ ಸಿಗುತ್ತದೆ ಅನ್ನುವುದೂ ಹೀಗೆಯೇ. ಬರೆಯಿರಿ, ಅದು ಸೌಜನ್ಯ. ಪರವಾನಗಿ ಅಲ್ಲ.

‘ಬಟ್ಟೆಗೆ ಕಾಪಿರೈಟ್ ಇಲ್ಲ’ ಅನ್ನುವುದರಲ್ಲಿ ಅರ್ಧ ಸತ್ಯ ಇದೆ. ಬಹಳ ಕಡೆ ಬಟ್ಟೆಯನ್ನು ಬಳಕೆಯ ವಸ್ತು ಅಂತ ನೋಡುತ್ತಾರೆ, ಅಂಗಿಯ ಕತ್ತರಿಕೆಗೆ ಕಾಪಿರೈಟ್ ಸಿಗುವುದು ಕಷ್ಟ. ಆದರೆ 2017ರಲ್ಲಿ ಚಿಯರ್‌ಲೀಡರ್ ಸಮವಸ್ತ್ರಗಳ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬಟ್ಟೆಯಿಂದ ಬೇರೆಯಾಗಿ ಚಿತ್ರವೆಂದೇ ನೋಡಬಹುದಾದ ವಿನ್ಯಾಸಕ್ಕೆ ಕಾಪಿರೈಟ್ ಸಿಗಬಹುದು ಅಂದಿತು. ಬ್ರಿಟನ್‌ನ ಸುಪ್ರೀಂ ಕೋರ್ಟ್ 2011ರಲ್ಲಿ ‘ಸ್ಟಾರ್ ವಾರ್ಸ್’ ಸೈನಿಕರ ಹೆಲ್ಮೆಟ್ ಶಿಲ್ಪವಲ್ಲ ಅಂತ ಬೇರೆ ದಾರಿ ಹಿಡಿಯಿತು. ದೇಶಕ್ಕೊಂದು ಕಾನೂನು. ನಿಮ್ಮ ದೇಶದ್ದನ್ನು ನೀವು ಕೇಳಿ ತಿಳಿಯಬೇಕು.

ಗೊಂಬೆಯಲ್ಲಿ ಅಂಗಿ ಒಂದೇ ಇರುವುದಿಲ್ಲ ಅನ್ನುವುದನ್ನು ಜನ ಮರೆಯುತ್ತಾರೆ. ಲಾಂಛನ ಇದೆ, ಅದು ಸಾಮಾನ್ಯವಾಗಿ ಟ್ರೇಡ್‌ಮಾರ್ಕ್. ಪಾತ್ರದ ಹೆಸರಿದೆ. ನಟರ ಮುಖ ಇದೆ, ಅದರ ಮೇಲೆ ಆ ವ್ಯಕ್ತಿಗೇ ಹಕ್ಕಿರಬಹುದು. ಟ್ರೇಸ್ ಮಾಡಿದ ಫೋಟೋ ಇದೆ. ಅದರ ಒಡೆಯರು ಸೀರಿಯಲ್‌ನವರೇ ಆಗಬೇಕೆಂದಿಲ್ಲ, ಫೋಟೋಗ್ರಾಫರ್ ಆಗಿರಬಹುದು, ಪತ್ರಿಕೆ ಆಗಿರಬಹುದು. ಹೀಗಾಗಿ ಟ್ರೇಸ್ ಮಾಡಿದ ಒಂದು ಗೊಂಬೆಗೆ ಮೂರು ನಾಲ್ಕು ಕಡೆಯಿಂದ ತಕರಾರು ಬರಬಹುದು.

2016ರಲ್ಲಿ ‘ಸ್ಟಾರ್ ಟ್ರೆಕ್’ ಒಡೆಯರು ಅಭಿಮಾನಿಗಳ ಸಿನಿಮಾಗಳಿಗೆ ನಿಯಮ ಹೊರಡಿಸಿದ್ದರು. ಒಂದು ಕತೆ 15 ನಿಮಿಷ, ಎರಡು ಭಾಗ ಮಾಡಿದರೆ ಒಟ್ಟು 30 ನಿಮಿಷ ಮೀರಬಾರದು ಅಂತೆಲ್ಲ ಅದರಲ್ಲಿದೆ. ಅದನ್ನು ಹಿಡಿದು ‘ಗೊಂಬೆಗೂ ಅನುಮತಿ ಇದೆ’ ಅನ್ನುವವರನ್ನು ನಂಬಬೇಡಿ. ಅದು ಸಿನಿಮಾಕ್ಕೆ ಮಾತ್ರ.

ಹಾಗಾದರೆ ನಿಮ್ಮ ಮುಂದೆ ಇರುವ ದಾರಿಗಳೇನು? ಹಳೆಯ ಟ್ರೇಸ್‌ಗಳನ್ನೇ ಎತ್ತಿ ಹೊಸ ಗೊಂಬೆಗೆ ಹಾಕುವುದು ಒಂದು. ಬೇಗ ಮುಗಿಯುತ್ತದೆ, ಆದರೆ ಅಪಾಯ ಜಾಸ್ತಿ, ಬಣ್ಣ-ಪದರದ ತೊಂದರೆಯೂ ಜೊತೆಗೇ ಬರುತ್ತದೆ. ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ನೆನಪಿಗೆ ಇಟ್ಟುಕೊಳ್ಳಿ. ಎರಡನೆಯದು, ನಾನು ಹೇಳುವುದು: ಹತ್ತಾರು ದೃಶ್ಯ ನೋಡಿ ಉಡುಪು ಹೇಗೆ ಹೊಲಿದಿದೆ ಅಂತ ಅರ್ಥ ಮಾಡಿಕೊಂಡು, ನಿಮ್ಮದೇ ಮೈಕಟ್ಟಿನ ಗೊಂಬೆಯ ಮೇಲೆ, ನಿಮ್ಮದೇ ಮುಖ ಕೊಟ್ಟು ಬರೆಯುವುದು. ಉಚಿತವಾಗಿ ಹಂಚುವುದು. ಇಲ್ಲೂ ಅಪಾಯ ಪೂರ್ತಿ ಹೋಗುವುದಿಲ್ಲ. ನೋಟಿಸ್ ಬಂದರೆ ವಾದಕ್ಕೆ ನಿಲ್ಲದೆ ಮೊದಲು ಗೊಂಬೆಯನ್ನು ಇಂಟರ್ನೆಟ್‌ನಿಂದ ತೆಗೆಯಿರಿ, ಆಮೇಲೆ ವಿನಯದಿಂದ ಉತ್ತರ ಬರೆಯಿರಿ. ನಾನು ನೋಡಿದ ಪ್ರಕರಣಗಳು ಅಲ್ಲಿಗೇ ಮುಗಿದಿವೆ. ಮೂರನೆಯದು ಜಾಹೀರಾತು ಹಾಕುವುದು ಅಥವಾ ಮಾರುವುದು. ಆ ಆಸೆ ಇದ್ದರೆ ಲಾಂಛನ, ಹೆಸರು ಎಲ್ಲ ಬಿಟ್ಟು ನಿಮ್ಮದೇ ನೌಕೆ, ನಿಮ್ಮದೇ ಸಮವಸ್ತ್ರ ಕಟ್ಟಿ. ಸೀರಿಯಲ್ ಉಡುಪುಗಳನ್ನೇ ಮಾರಬೇಕೆಂದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಇಡಬೇಡಿ.

ನೀವು ಕೇಳದ ಎರಡು ವಿಷಯ ಹೇಳುತ್ತೇನೆ. ಬೇರೆ ಅಭಿಮಾನಿ ಬರೆದ ಗೊಂಬೆಯ ಮೈಯನ್ನು ಸುಮ್ನೆ ಎತ್ತಿಕೊಳ್ಳಬೇಡಿ, ಕೇಳಿ ತೆಗೆದುಕೊಳ್ಳಿ. ಈ ಲೋಕದಲ್ಲಿ ಕಂಪನಿಗಳ ಜೊತೆಗಿನ ಜಗಳಕ್ಕಿಂತ ಇಂಥ ಜಗಳಗಳಿಂದ ಮುರಿದ ಸ್ನೇಹಗಳನ್ನೇ ನಾನು ಜಾಸ್ತಿ ನೋಡಿದ್ದೇನೆ. ಎರಡನೆಯದು ಇನ್ನೂ ಮುಖ್ಯ. ಗೊಂಬೆ ಅಂದಮೇಲೆ ಬಟ್ಟೆ ತೆಗೆಯಬಹುದು. ಈ ಪಾತ್ರಗಳ ಹಿಂದೆ ನಿಜವಾದ ಮನುಷ್ಯರಿದ್ದಾರೆ. ಗೊಂಬೆಯ ಮೈಮೇಲೆ ತೆಗೆಯಲಾಗದ ಒಳ ಉಡುಪನ್ನು, ಕುತ್ತಿಗೆಯಿಂದ ತೊಡೆಯವರೆಗೆ, ಮೈಯ ಚಿತ್ರದಲ್ಲೇ ಸೇರಿಸಿ ಬರೆದುಬಿಡಿ. ಮಕ್ಕಳು ನಟಿಸಿದ ಪಾತ್ರಗಳಿಗೆ ಉಡುಪು ಬದಲಿಸುವ ಗೊಂಬೆ ಮಾಡಲೇಬೇಡಿ, ನಿಂತ ಚಿತ್ರ ಸಾಕು.

ಕೆಲಸ ಶುರು ಮಾಡುವುದಾದರೆ ಆ ಹಸಿರು ಸುತ್ತು ಅಂಗಿಯಿಂದ ಮಾಡಿ. ಎಡ ಮಡಿಕೆ, ಬಲ ಮಡಿಕೆ, ಬೆನ್ನು, ಮೂರು ಪದರ. ಯಾವ ಮಡಿಕೆ ಮೇಲೆ ಬರುತ್ತದೆ ಅಂತ ದೃಶ್ಯ ನಿಲ್ಲಿಸಿ ನಿಲ್ಲಿಸಿ ನೋಡಿ. ಅದೊಂದು ಸರಿಯಾಗಿ ಕೂತ ಮೇಲೆ ಅದರ ಬಣ್ಣವನ್ನೇ ಕ್ಯಾಪ್ಟನ್ ಅಂಗಿಯ ಹಸಿರು ರೂಪಕ್ಕೂ ಹಚ್ಚಿ.